ಬರೆಯದೆ ಉಳಿದ ನಡೆಗಳು

"ಡ್ರಾ ಮಾಡೂಣೇನ್ರಿ?"

ಎದುರಿಗೆ ಕೂತಿದ್ದ ಮೌನೇಶ ಕೈ ಚಾಚಿದಾಗ ಜ್ಯೋತಿ ಬೋರ್ಡನ್ನು ಇನ್ನೊಮ್ಮೆ ದಿಟ್ಟಿಸಿದಳು.

ದಾಂಡೇಲಿಯ ಚೆಸ್ ಪಂದ್ಯಾವಳಿಯ ಕೊನೆಯ ಆಟ ಅದು. ಅದೇ ಜಿಲ್ಲೆಯ ಇಂದೂರು ಎಂಬ ಹಳ್ಳಿಯ ಟೀಚರ್ ಜ್ಯೋತಿ, ಪೇಪರ್ ಮಿಲ್ಲಿನ ಮೌನೇಶ, ಇಬ್ಬರೂ ಆಟದಲ್ಲಿ ಪಳಗಿದವರೇ. ಆದರೆ ಇನ್ನು ಮೂರೇ ನಡೆಯಲ್ಲಿ ಅವಳ ರಾಜ ಸಿಕ್ಕಿಬೀಳುತ್ತಿದ್ದ. ಅವಳಿಗೆ ಕಂಡದ್ದು ಅವನಿಗೆ ಕಾಣದಿರುತ್ತದೆಯೇ?

'ಹೆಂಗಸು ಅಂತ ಕನಿಕರ ತೋರಿಸಿದನಲ್ಲ...'

ಕೈ ಕುಲುಕಿ ಎದ್ದಳು. ಸೋತಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಮೂರು ದಿನದಿಂದ ಕದ್ದು ಕದ್ದು ನೋಡಿ ಮೆಚ್ಚಿಕೊಂಡವನೇ ಹೀಗೆ ಮಾಡಿದ್ದ.

ತಿಂಗಳೊಪ್ಪತ್ತಿನಲ್ಲಿ ಅವನ ತಾಯಿ ಶಂಕ್ರೆವ್ವ ಹೆಣ್ಣು ಕೇಳಲು ಇಂದೂರಿಗೇ ಬಂದರು. ಜ್ಯೋತಿ ಒಲ್ಲೆ ಎಂದುಬಿಟ್ಟಳು. ಆಟದಲ್ಲಿ ಭಿಕ್ಷೆ ಹಾಕಿದವನು ಸಂಸಾರದಲ್ಲೂ ಭಿಕ್ಷೆಯನ್ನೇ ಹಾಕುತ್ತಾನೆ ಎಂಬುದು ಅವಳ ವಾದ. ಹಾಗೆಂದವಳೇ ಅಡುಗೆಮನೆಗೆ ಹೋಗಿ ಅತ್ತಳು, ಅದು ಬೇರೆ ಮಾತು.

ಮರುವರ್ಷ, ೨೦೦೨ರಲ್ಲಿ, ಮತ್ತೆ ಅದೇ ಹಾಲ್, ಅದೇ ಮೇಜು. ಆಟ ಶುರುವಾಗುವ ಮುಂಚೆಯೇ ಜ್ಯೋತಿ ಕೇಳಿಬಿಟ್ಟಳು.

"ಗೆಲ್ಲೂ ಆಟ ಯಾಕ ಬಿಟ್ರಿ? ನಿಮ್ಮ ಕನಿಕರ ನನಗ ಬೇಕಾಗಿದ್ದಿಲ್ಲ."

ಮೌನೇಶ ಕಣ್ಣು ಪಿಳಿಪಿಳಿ ಬಿಟ್ಟ. "ನಾ ಗೆಲ್ಲಾಂವ ಇದ್ನೇನ್ರಿ?"

ಎಲ್ಲ ನಾಟಕ ಎಂದುಕೊಂಡಳು. ಅವನು ಚೀಲದಿಂದ ಹೋದ ವರ್ಷದ ಹಾಳೆ ತೆಗೆದು ಮುಂದಿಟ್ಟ. ಆಡಿದ ನಡೆಗಳನ್ನು ಆಟಗಾರರು ಬರೆದಿಡುವ ಹಾಳೆ ಅದು. ಇಪ್ಪತ್ತೆರಡನೆಯ ನಡೆಯವರೆಗೆ ಮುತ್ತಿನಂಥ ಅಕ್ಷರ. ಆಮೇಲೆ ಬರೀ ಖಾಲಿ...

"ಅಷ್ಟರಾಗ ನೀವು ವಿಚಾರ ಮಾಡ್ಕೋತ, ನಾ ಅರ್ಧಾ ಕುಡದಿಟ್ಟ ಚಾದ ಗ್ಲಾಸ್ ಎತ್ತಿ ಕುಡದ್ರಿ. ನಿಮ್ಮದು ನಿಮ್ಮ ಮುಂದ ಹಂಗ ಇತ್ತು." ಅವನು ತಲೆ ತಗ್ಗಿಸಿದ. "ಆಮ್ಯಾಲ ನನಗ ಆಟಾನ ಕಾಣಲಿಲ್ರಿ. ಸೋಲಾಕತ್ತೇನಿ ಅಂದ್ಕೊಂಡು ಡ್ರಾ ಕೇಳಿದ್ನಿ."

ಜ್ಯೋತಿಯ ಕಿವಿಯವರೆಗೂ ಕೆಂಪಾಯಿತು. ವರ್ಷವಿಡೀ ಹೊತ್ತು ತಿರುಗಿದ ಸಿಟ್ಟು ಎಲ್ಲಿ ಹೋಯಿತೋ. ತಾನು ಒಲ್ಲೆ ಎಂದದ್ದು ಎಂಥವನಿಗೆ ಎಂದು ನೆನೆದು ಕಣ್ಣು ತುಂಬಿತು, ನಗುವೂ ಬಂತು.

ಚಹಾ ಬಂತು. ಅವನು ಎರಡೂ ಗ್ಲಾಸನ್ನು ಅವಳತ್ತಲೇ ಸರಿಸಿದ. ಅವಳು ಒಂದನ್ನು ಅರ್ಧ ಕುಡಿದು ಅವನ ಮುಂದಿಟ್ಟಳು.

"ನಿಮ್ಮ ಅವ್ವಗ ಇನ್ನೊಮ್ಮೆ ಇಂದೂರಿಗೆ ಬರಾಕ ಹೇಳ್ರಿ."

ಮೌನೇಶ ಬೋರ್ಡಿನತ್ತ ಕೈ ತೋರಿಸಿದ. "ಮತ್ತ... ಈ ಆಟ?"

"ಆಟ ಬಿಡಾಂಗಿಲ್ಲ. ನಿಮ್ಮನ್ನ ಸೋಲಿಸೇ ಮದಿವಿ ಆಗಾಕಿ ನಾ."

ಅವನು ಆ ಗ್ಲಾಸಿನ ಚಹಾ ಕುಡಿದು, ಹೊಸ ಹಾಳೆ ಬಿಡಿಸಿ ಪೆನ್ನು ತೆಗೆದ.

"ಹಂಗಾರ ಈಕಡೆ ನೋಡಬ್ಯಾಡ್ರಿ. ಈ ಸಲ ಪೂರ್ತಿ ಬರೀಬೇಕು ನಾ."