ಎಂಟೂ ಹತ್ತರ ಎಚ್ಚರಿಕೆ

ಮಾರ್ಚ್ ಹನ್ನೆರಡು, ಬೆಳಗ್ಗೆ ಆರೂ ನಲವತ್ತು. ಬಲೆ ಹೆಣೆಯುವ ಹೆಂಗಸೊಬ್ಬಳು ಠಾಣೆಗೆ ಓಡಿ ಬಂದು ಬೆಂಚಿನ ಮೇಲೆ ಕುಸಿದಳು. ದಫೇದಾರರು ಕೊಟ್ಟ ನೀರು ಕುಡಿದು, ಏದುಸಿರಿನ ನಡುವೆ ಆಕೆ ಹೇಳಿದ್ದಿಷ್ಟು: ದಡದಲ್ಲಿ ತಿಮಿಂಗಿಲವೊಂದು ಸತ್ತು ಬಿದ್ದಿದೆ, ಅದರ ಬೆನ್ನನ್ನು ಯಾರೋ ಕೊಚ್ಚಿದ್ದಾರೆ.

ಇನ್ಸ್‌ಪೆಕ್ಟರ್ ಮೇಡಂಗೆ ಹದಿನೆಂಟು ವರ್ಷಗಳ ಸರ್ವಿಸು. ನೋಡದ ಹೆಣವಿಲ್ಲ. ಇದಕ್ಕೆಲ್ಲ ಪೊಲೀಸರೇ ಬೇಕಿತ್ತೇ ಎಂದು ಒಳಗೊಳಗೇ ಗೊಣಗುತ್ತ ಜೀಪು ಹತ್ತಿದರು.

ದಡಕ್ಕೆ ಬಂದು ನೋಡಿದ ಮೇಲೆ ಆ ಗೊಣಗಾಟ ನಿಂತಿತು. ಹದಿನಾಲ್ಕು ಮೀಟರ್ ಉದ್ದದ ಕಪ್ಪು ಮೈ. ಬೆನ್ನಿನ ಮೇಲೆ ಅಳೆದು ಹಾಕಿದಂತೆ ಏಳು ಸೀಳು. ಒಂದೊಂದರಲ್ಲೂ ಕೈ ಮೊಣಕೈವರೆಗೆ ಇಳಿಯುತ್ತಿತ್ತು. ಪಂಚನಾಮೆ ಬರೆಯಲು ನಿಂತ ದಫೇದಾರರು 'ಮೃತರ ಹೆಸರು' ಎಂಬಲ್ಲಿ ಪೆನ್ನು ನಿಲ್ಲಿಸಿ, ತಮಾಷೆಗೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೆಣವನ್ನು ಪರೀಕ್ಷಿಸುತ್ತಿದ್ದ ಪಶುವೈದ್ಯರು ಏಣಿಯಿಂದಿಳಿದು ಬಂದು, ಹೊಟ್ಟೆಯಲ್ಲಿ ಮರಿಯಿದೆ ಎಂದರು. ಪೂರ್ತಿ ಬೆಳೆದ ಮರಿ. ಇನ್ನೆರಡು ವಾರದಲ್ಲಿ ಹುಟ್ಟುತ್ತಿತ್ತು. ಈ ಜಾತಿಯವು ಈ ಸಮುದ್ರದಲ್ಲಿ ಉಳಿದಿರುವುದೇ ಅರವತ್ತು ಎಂದೂ ಸೇರಿಸಿದರು. ದಫೇದಾರರು ಬಾಯಿ ಮುಚ್ಚಿಕೊಂಡು ಮರಳಿನ ಮೇಲೆ ಕೂತುಬಿಟ್ಟರು.

ಒಂಬತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ಸೀಳುಗಳು ಹಡಗಿನ ಪ್ರೊಪೆಲ್ಲರಿನವು, ಸಾವು ಸಂಭವಿಸಿ ಎರಡು ದಿನವಾಗಿದೆ ಎಂದು ವೈದ್ಯರ ವರದಿ. ಬಂದರಿನ ದಾಖಲೆ ಪ್ರಕಾರ ಹತ್ತನೇ ತಾರೀಕು ಆ ದಾರಿಯಲ್ಲಿ ಬಂದದ್ದು ಒಂದೇ ಸರಕು ಹಡಗು. ಮುಳುಗುಗಾರರು ಅದರ ತಳದಿಂದ ಅಂಗೈಯಗಲದ ಚರ್ಮ ಬಿಡಿಸಿ ತಂದರು. ಕೇಸು ಮುಗಿದಂತೆಯೇ ಎಂದು ಎಲ್ಲರೂ ಅಂದುಕೊಂಡರು.

ಕ್ಯಾಪ್ಟನ್ ಏನನ್ನೂ ಅಲ್ಲಗಳೆಯಲಿಲ್ಲ.

"ಏಟು ಬಿದ್ದಿದ್ದು ಗೊತ್ತಾಯ್ತಾ?"

"ಎಂಟೂವರೆ ಹೊತ್ತಿಗೆ ಏನೋ ತಗುಲಿದ ಹಾಗಾಯ್ತು. ಮರದ ದಿಮ್ಮಿ ಅಂದ್ಕೊಂಡೆ."

"ವೇಗ ಯಾಕೆ ಇಳಿಸ್ಲಿಲ್ಲ?"

"ಎಚ್ಚರಿಕೆನೇ ಬರ್ಲಿಲ್ಲ, ಮೇಡಂ."

ಭೂಶಿರದ ಮೇಲೆ ಸರ್ಕಾರದ ಒಂದು ಆಲಿಸುವ ಕೇಂದ್ರವಿತ್ತು. ನೀರೊಳಗಿನ ಮೈಕುಗಳಲ್ಲಿ ತಿಮಿಂಗಿಲದ ದನಿ ಕೇಳಿದರೆ ಅಲ್ಲಿಂದ ಹಡಗುಗಳಿಗೆ ರೇಡಿಯೊದಲ್ಲಿ ಹೇಳುತ್ತಿದ್ದರು. ವೇಗ ಇಳಿಸಿ ಎನ್ನುವುದು ಬರೀ ಸಲಹೆ, ಕಡ್ಡಾಯವಲ್ಲ. ಹೆಚ್ಚಿನವರು ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಈ ಕ್ಯಾಪ್ಟನ್ ಮಾತ್ರ ಆರು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಬಂದರಿನವರೇ ಅದಕ್ಕೆ ಸಾಕ್ಷಿ ಹೇಳಿದರು.

ಮಧ್ಯಾಹ್ನ ಮೂರಕ್ಕೆ ಇನ್ಸ್‌ಪೆಕ್ಟರ್ ಆ ಕೇಂದ್ರ ತಲುಪಿದರು. ಅದನ್ನು ಹನ್ನೊಂದು ವರ್ಷದಿಂದ ನಡೆಸುತ್ತಿದ್ದವರು ಗಂಡ ಹೆಂಡತಿ. ಗಂಡ ಆಲಿಸುವುದು, ಹೆಂಡತಿ ವರದಿ ಟೈಪು ಮಾಡುವುದು. ಆತನಿಗೆ ಬಂದರಿನ ಜನ ಇಟ್ಟಿದ್ದ ಹೆಸರು 'ಕಿವಿರಾಯರು'. ಲಾಗ್ ಪುಸ್ತಕದಲ್ಲಿ ಅವರದೇ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: '10ನೇ ತಾರೀಕು, ಬೆಳಗ್ಗೆ 8:10, ಎಚ್ಚರಿಕೆ ನೀಡಲಾಗಿದೆ.' ಹಾಗಾದರೆ ಕ್ಯಾಪ್ಟನ್ ಸುಳ್ಳುಗಾರ. ಆದರೆ ಪುಸ್ತಕ ಮುಚ್ಚುವಾಗ ಹೆಂಡತಿ ಗಂಡನ ಮುಖ ನೋಡಿದ್ದನ್ನು ಇನ್ಸ್‌ಪೆಕ್ಟರ್ ಗಮನಿಸಿದರು.

ಮರುದಿನ ಬಂದರಿನಿಂದ ಹತ್ತನೇ ತಾರೀಕಿನ ರೇಡಿಯೊ ಧ್ವನಿಮುದ್ರಿಕೆ ತರಿಸಿ ಕೇಳಿದರು. ಎಂಟರಿಂದ ಒಂಬತ್ತರವರೆಗೆ ಆ ಕೇಂದ್ರದಿಂದ ಒಂದಕ್ಷರವೂ ಬಂದಿರಲಿಲ್ಲ. ನೀರೊಳಗಿನ ಮೈಕಿನ ಮುದ್ರಿಕೆಯನ್ನೂ ವಶಪಡಿಸಿಕೊಂಡು ಹೆಡ್‌ಫೋನ್ ಹಾಕಿಕೊಂಡರು. ಏಳೂ ಐವತ್ತರಿಂದ ಒಂದು ದನಿ, ಯಾರನ್ನೋ ಕರೆಯುವ ಹಾಗೆ, ನಲವತ್ತು ನಿಮಿಷ. ಅದರ ಹಿಂದೆ ನಿಧಾನವಾಗಿ ಏರುವ ಎಂಜಿನ್ ಸದ್ದು. ಧಬ್ ಎಂದಿತು. ಆಮೇಲೆ ಎಂಜಿನ್ ಒಂದೇ. ಅವರು ಹೆಡ್‌ಫೋನ್ ತೆಗೆದಿಟ್ಟರು. ಈ ನಲವತ್ತು ನಿಮಿಷವನ್ನೂ ಒಬ್ಬ ಮನುಷ್ಯ ಕೂತು ಕೇಳಿದ್ದಾನೆ.

ಸಂಜೆ ನಾಲ್ಕೂವರೆಗೆ ಮತ್ತೆ ಅದೇ ಕೋಣೆ.

"ಅವತ್ತು ಡ್ಯೂಟಿಲಿ ಇದ್ದಿದ್ದು ಯಾರು?"

"ನಾನೇ."

"ದನಿ ಕೇಳಿಸ್ತಾ?"

"ಕೇಳಿಸ್ತು." ಕಿವಿರಾಯರು ಕಣ್ಣು ತಪ್ಪಿಸಲಿಲ್ಲ. "ರೇಡಿಯೊ ಕೈಗೆ ತಗೊಂಡೆ. ಮತ್ತೆ ಕೆಳಗಿಟ್ಟೆ."

"ಯಾಕೆ?"

"ಹಡಗಿಗೆ ಸಿಕ್ಕಿ ವರ್ಷಕ್ಕೆ ಎರಡೋ ಮೂರೋ ನಡು ಸಮುದ್ರದಲ್ಲೇ ಸತ್ತು ಮುಳುಗ್ತಾವೆ. ವೇಗಮಿತಿ ಕಡ್ಡಾಯ ಮಾಡಿ ಅಂತ ಬರೆದು ಬರೆದು ಸಾಕಾಯ್ತು. ಅವತ್ತು ಗಾಳಿ ದಡದ ಕಡೆಗಿತ್ತು. ಜನರ ಕಣ್ಣೆದುರು ಒಂದು ಹೆಣ ಬಿದ್ರೆ ಉಳಿದವಾದ್ರೂ ಬದುಕ್ತಾವೆ ಅನ್ನಿಸ್ತು. ಒಂದೇ ಒಂದು."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ಮೆಲ್ಲಗೆ ಅಂದರು:

"ಒಂದಲ್ಲ. ಹೊಟ್ಟೆಲಿ ಮರಿ ಇತ್ತು."

ಟೈಪಿನ ಮೇಜಿನ ಹಿಂದೆ ಕೂತಿದ್ದ ಹೆಂಡತಿ ಎದ್ದು, ಗಂಡನತ್ತ ನೋಡದೆ ಹೊರಗೆ ನಡೆದರು. ಆಗ ಕಿವಿರಾಯರು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡರು.

ಐದೂ ಇಪ್ಪತ್ತಕ್ಕೆ ಬಂಧನ. ಸಂರಕ್ಷಿತ ಪ್ರಾಣಿಯ ಸಾವಿಗೆ ಕಾರಣ, ಸರ್ಕಾರಿ ದಾಖಲೆಯಲ್ಲಿ ಸುಳ್ಳು ನಮೂದು.

ಕೋಣೆಯ ಮಹಜರಿನಲ್ಲಿ ಆತ ಇಲಾಖೆಗೆ ಬರೆದ ಮೂವತ್ತನಾಲ್ಕು ಪತ್ರಗಳ ಪ್ರತಿಗಳು ಸಿಕ್ಕವು. ಬಂದಿದ್ದು ಒಂದೇ ಉತ್ತರ: ಇನ್ನು ಮುಂದೆ ನಿಗದಿತ ನಮೂನೆಯಲ್ಲೇ ಬರೆಯತಕ್ಕದ್ದು.

ದಡದ ಚಿತ್ರಗಳು ಊರೂರು ಸುತ್ತಿದವು. ಎಂಟನೇ ದಿನ, ಆ ದಾರಿಯಲ್ಲಿ ಎಲ್ಲ ಹಡಗುಗಳಿಗೂ ವೇಗಮಿತಿ ಕಡ್ಡಾಯ ಎಂಬ ಆದೇಶ ಹೊರಬಿತ್ತು. ಇನ್ಸ್‌ಪೆಕ್ಟರ್ ಅದರ ಒಂದು ಪ್ರತಿಯನ್ನು ಕಡತಕ್ಕೆ ಸೇರಿಸಿದರು. ಇದು ಆರೋಪಿಯ ಪರವೋ ವಿರುದ್ಧವೋ ಎಂದು ದಫೇದಾರರು ಕೇಳಿದರು.

ಇನ್ಸ್‌ಪೆಕ್ಟರ್ ಆ ಹಾಳೆಯನ್ನು ಮೂವತ್ತನಾಲ್ಕು ಪತ್ರಗಳ ಹಿಂದೆ ಇಟ್ಟರು.

"ಪುಟಕ್ಕೆ ನಂಬರ್ ಹಾಕಿ," ಎಂದರು.