ಔಷಧಿ ಬೇಡ ಎಂದವಳು

“ಅಮ್ಮಾ, ಇಲ್ಲೂ ಸಿಗಲ್ಲ ಅನ್ನಿಸ್ತದೆ. ಎದುರಿಗೆ ಕೂತಿರೋ ಆಸಾಮಿ ಬೇವಿನ ಹಿಂಡಿ ಮೆದ್ದೋನ ಹಂಗೆ ಮುಖ ಮಾಡ್ಕೊಂಡಿದಾನೆ.”

ಸಂದರ್ಶನದ ನಡುವೆ ಮತ್ತೆ ಮತ್ತೆ ಬರುತ್ತಿದ್ದ ತಾಯಿಯ ಕರೆಗೆ ಇಷ್ಟು ಪಿಸುಗುಟ್ಟಿ ಕೃತ್ತಿಕಾ ಫೋನ್ ಇಟ್ಟಳು. ಉಡುಮಲೈಪೇಟೆಯ ಆ ಕೀಟನಾಶಕ ಕಂಪನಿಯಲ್ಲಿ ಅಷ್ಟು ಹೊತ್ತು ನಡೆದದ್ದೆಲ್ಲ ತಮಿಳು. ತನ್ನ ಮನೆಯ ಕನ್ನಡ ಇಲ್ಲಿ ಯಾರಿಗೆ ತಿಳಿಯಬೇಕು?

ಏರಿಯಾ ಮ್ಯಾನೇಜರ್ ಸೆಂದಿಲ್‌ಕುಮಾರ್ ಅವಳ ಅಂಕಪಟ್ಟಿಯಿಂದ ತಲೆ ಎತ್ತಲಿಲ್ಲ.

“ಹಿಂಡಿ ತಿನ್ನಲ್ಲಮ್ಮ. ಹುಟ್ಟಿದ ಮುಖವೇ ಹಿಂಗೆ,” ಎಂದ. ಕನ್ನಡದಲ್ಲಿ.

ಅವಳ ಕಿವಿ ಬಿಸಿಯಾಯಿತು. ಅಯ್ಯೋ... ಇವನೂ ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವ ನೇಕಾರರವನೇ?

“ಸಾರಿ ಸರ್...”

“ಪರವಾಯಿಲ್ಲೆ. ತೋಟ ತೋಟ ಒಬ್ಬಳೇ ಸುತ್ತಬೇಕು. ಆಗ್ತದಾ?”

“ಆಗ್ತದೆ ಸರ್.”

ಆಗಲೇಬೇಕಿತ್ತು. ಕೃಷಿ ಪದವಿ ಮುಗಿಸಿ ವರ್ಷ ಕಳೆದಿತ್ತು. ಹೋದಲ್ಲೆಲ್ಲ ‘ತೋಟಕ್ಕೆ ಹುಡುಗಿಯೇ?’ ಎಂದು ನಕ್ಕು ಕಳಿಸಿದ್ದರು. ಇದೂ ತಪ್ಪಿದರೆ ಮಾವ ಮಣಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ ಹೇಳಿಟ್ಟಿದ್ದ. ಅಲ್ಲಿ ದಿನವಿಡೀ ಬಟ್ಟೆಯ ತೂತು ಹುಡುಕಬೇಕು. ಮಣ್ಣಿನ ಮುಖ ಕಾಣುವಂತಿಲ್ಲ.

ಕೆಲಸ ಸಿಕ್ಕಿತು.

ತೆಂಗಿನ ತೋಟಗಳಲ್ಲಿ ದಿನಗಳು ಹೇಗೆ ಓಡಿದವೋ ತಿಳಿಯಲಿಲ್ಲ. ಸಂಜೆ ವರದಿ ಕೇಳಲು ಫೋನ್ ಮಾಡುವ ಸೆಂದಿಲ್, ವರದಿಯ ಬಳಿಕ “ಉಂಡ್ರಾ?” ಎಂದೂ ಕೇಳುತ್ತಿದ್ದ. ಆ ಒಂದು ಪದಕ್ಕಾಗಿ ಅವಳು ವರದಿಯನ್ನು ಬೇಗ ಮುಗಿಸತೊಡಗಿದಳು.

ಆಮೇಲೆ ತೆಂಗಿಗೆ ಬಿಳಿನೊಣ ಬಂತು.

ಗರಿಗಳೆಲ್ಲ ಮಸಿ ಬಳಿದಂತೆ ಕಪ್ಪಾದವು. ಕಂಪನಿ ಆದೇಶ ಕಳಿಸಿತು: ಪ್ರತಿ ತೋಟಕ್ಕೂ ನಮ್ಮ ಔಷಧಿ ಹೊಡೆಸಿ.

ನಾಚಿಯಮ್ಮನ ತೋಟದಲ್ಲಿ ಕೃತ್ತಿಕಾ ಗರಿಯೊಂದನ್ನು ಬಗ್ಗಿಸಿ ಅಡಿಭಾಗಕ್ಕೆ ಮಸೂರ ಹಿಡಿದಳು. ನೊಣದ ಮರಿಗಳಲ್ಲಿ ಬಹುಪಾಲು ಕಪ್ಪಾಗಿದ್ದವು. ಒಂದು ಸಣ್ಣ ಕಣಜ ಅವುಗಳೊಳಗೆ ಮೊಟ್ಟೆಯಿಟ್ಟಿದ್ದರ ಗುರುತದು. ಈಗ ಔಷಧಿ ಹೊಡೆದರೆ ಮೊದಲು ಸಾಯುವುದು ಮರಿಗಳನ್ನು ಒಳಗಿಂದಲೇ ಕೊಲ್ಲುವ ಆ ಕಣಜವೇ.

“ಏನು ಅಮ್ಮಿಣಿ, ಯಾವ ಮರುಂದು ಹೊಡೀಲಿ?” ಮುದುಕಿ ನಾಚಿಯಮ್ಮ ಔಷಧಿಯ ಹೆಸರು ಕೇಳಿದಳು.

ಕೃತ್ತಿಕಾ ಸುಳ್ಳು ಹೇಳಲು ಬಾಯಿ ತೆರೆದಳು. ಬರಲಿಲ್ಲ.

“ಬೇಡ ಅಜ್ಜಿ. ಜೋರಾಗಿ ನೀರು ಹೊಡೆಸಿ, ಸಾಕು. ಕಾಯೋಣ.”

“ಮರುಂದು ಮಾರೋಕೆ ಬಂದು ಬೇಡ ಅನ್ನೋ ಹುಡುಗಿ ನೀನೊಬ್ಬಳೇ, ನನ್ನ ಕಣ್ಣೇ. ನಿನ್ನ ಕಂಪನಿ ಮೊದಲಾಳಿ ಉದ್ಧಾರ ಆದ ಹಾಗೇ.”

ಮಾತು ತೋಟದಿಂದ ತೋಟಕ್ಕೆ ಹರಡಿತು. ಕೊಯಮತ್ತೂರಿನಿಂದ ಮೇಲಧಿಕಾರಿ ಬಂದ. ಕೃತ್ತಿಕಾಳನ್ನು ಹೊರಗೆ ಕೂರಿಸಿ ಸೆಂದಿಲ್‌ನನ್ನು ಕೇಳಿದ. ಅರೆತೆರೆದ ಬಾಗಿಲಿನಿಂದ ಒಂದೇ ಉತ್ತರ ಅವಳಿಗೆ ಕೇಳಿಸಿತು.

“ಹೌದು ಸರ್. ಬೇಡ ಅಂತ ಹೇಳಿದ್ದು ಅವರೇ.”

ಸಂಜೆಯೊಳಗೆ ಕೆಲಸ ಹೋಯಿತು.

ನೀನೂನಾ ಸೆಂದಿಲ್... ಆ ರಾತ್ರಿ ಅವಳು ಉಣ್ಣಲಿಲ್ಲ. ಅವನ ಕರೆಗಳನ್ನೂ ಎತ್ತಲಿಲ್ಲ.

ವಾರ ಕಳೆದು, ಚೀಲ ಹಿಡಿದು ತಿರುಪ್ಪೂರು ಬಸ್ಸಿಗೆ ನಿಂತಿದ್ದಾಗ ಅವನು ಬಂದ. ಮುಖ ತಿರುಗಿಸಿದಳು.

“ಇಲ್ಲ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಸರ್?”

“ಇಲ್ಲ ಅಂದ್ರೆ ನೀವು ಹೇಳಿದ್ದು ತಪ್ಪು ಅಂತ ನಾನೇ ಒಪ್ಪಿದ ಹಂಗಲ್ವಾ? ಹೌದು, ಹೇಳಿದ್ರು, ಹೇಳಿದ್ದು ಸರಿ ಅಂದೆ. ನೀವು ಕಳಿಸಿದ್ದ ಕಪ್ಪು ಮರಿಗಳ ಫೋಟೋ ತೋರಿಸ್ದೆ. ಅವರು ನೋಡಲೇ ಇಲ್ಲ.” ಅವನ ದನಿ ಕುಸಿಯಿತು. “ನನ್ನ ಕೈಲಿ ಏನೂ ಆಗ್ಲಿಲ್ಲ ಕೃತ್ತಿಕಾ. ರಾಜೀನಾಮೆ ಕೊಟ್ಟೆ ಅಂತ ಹೇಳೋಕೂ ಆಗಲ್ಲ. ಅಪ್ಪ ಹಾಸಿಗೇಲಿ ಇದಾರೆ. ನಾಳೆಯೂ ಅದೇ ಔಷಧಿ ಮಾರ್ಬೇಕು.”

ಅವಳ ಸಿಟ್ಟು ಎಲ್ಲಿ ಹೋಯಿತೋ. ಉಳಿದದ್ದು ಅಳು ಮಾತ್ರ. ಬಾಗಿಲಾಚೆಯ ಅರ್ಧ ಮಾತಿಗೆ ಅವನನ್ನು ಇಷ್ಟು ದಿನ ಶಪಿಸಿದ್ದಳಲ್ಲ...

“ನಾನೂ ಅಷ್ಟೇ. ಇಂದಿನಿಂದ ಬನಿಯನ್ ತೂತು ಎಣಿಸ್ಬೇಕು.”

“ಬೇರೆ ಕಡೆ ಕೇಳ್ತಾ ಇದೀನಿ. ತೋಟದ ಕೆಲಸಾನೇ. ಸಿಗ್ತದೆ ಅಂತ ಮಾತು ಕೊಡೋಕಾಗಲ್ಲ.” ಆಮೇಲೆ ಕೇಳಿದ, “ಅದು ಸಿಗೋವರೆಗೂ... ಸಿಕ್ಕ ಮೇಲೂ... ನಿಮ್ಮ ಜೊತೆ ಇರಲಾ?”

ಬಸ್ಸು ಬಂದು ನಿಂತಿತು. ಕೃತ್ತಿಕಾ ಕಣ್ಣೊರೆಸಿಕೊಂಡಳು. ನಾಲಿಗೆಗೆ ಬಂದದ್ದು ಮನೆಯ ಹಿರಿಯರ ಪ್ರಶ್ನೆಯೇ.

“ನಿಮ್ಮ ಕುಲ-ಗೋತ್ರ ಯಾವುದು? ಒಂದೇ ಕುಲ ಆದ್ರೆ ಅಣ್ಣ-ತಂಗಿ ಅಂದುಬಿಡ್ತಾರೆ ಅಪ್ಪ.”

“ಬೇರೆ ಬೇರೆ. ವಿಚಾರಿಸಿದೀನಿ.”

“ಯಾವಾಗ?”

ಅವನು ಅವಳ ಚೀಲವನ್ನೆತ್ತಿ ಬಸ್ಸಿನ ಮೆಟ್ಟಿಲ ಮೇಲಿಟ್ಟ.

“ನೀವು ಸಂದರ್ಶನ ಮುಗಿಸಿ ಹೋದ್ರಲ್ಲ, ಅದೇ ಸಾಯಂಕಾಲ.”