ಚಾಚುಗಲ್ಲಿನ ಮೇಕೆಗೆ ಹತ್ತು ಮಾರು ಹಗ್ಗ

ಓಬಳಮ್ಮನ ಕಪ್ಪು ಮೇಕೆ ಕೈವಾರದ ಆಚೆಯ ಬೋಳು ಬಂಡೆಯ ಚಾಚುಗಲ್ಲಿನ ಮೇಲೆ ಸಿಕ್ಕಿಕೊಂಡು ಎರಡು ದಿನವಾಗಿತ್ತು. ನೀರಿಲ್ಲ, ಸೊಪ್ಪಿಲ್ಲ. ಇವತ್ತು ಇಳಿಸದಿದ್ದರೆ ನಾಳೆ ಇಳಿಸಿ ಪ್ರಯೋಜನವಿಲ್ಲ. ಬೆಳಿಗ್ಗೆ ನಾಲ್ವರು ಹೊರಟರು: ಓಬಳಮ್ಮ, ಬಾವಿ ತೋಡಿ ಹಣ್ಣಾದ ಪಿಳ್ಳಪ್ಪ, ಲೈನ್‌ಮನ್ ಗಂಗಾಧರ್, ಹತ್ತನೇ ಕ್ಲಾಸಿನವರಿಗೆ ಲೆಕ್ಕದ ಟ್ಯೂಷನ್ ಹೇಳುವ ಭಾನುಪ್ರಿಯಾ.

ದಾರಿಯುದ್ದಕ್ಕೂ ಸೀತಾಫಲದ ಪೊದೆ, ಮೇಲೆ ಗುಂಡುಕಲ್ಲುಗಳ ರಾಶಿ. ಯಾರೋ ಜೋಡಿಸುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋದಂತಿತ್ತು. ಕೊಯ್ದ ರಾಗಿ ಹೊಲದ ಅಂಚಿಗೆ ಬಂಡೆ ಗೋಡೆಯಂತೆ ನೆಟ್ಟಗೆ ಎದ್ದಿತ್ತು. ಅದರ ಮುಂದೆ ಮಾತಾಡಲು ಭಾನುಪ್ರಿಯಾಳಿಗೆ ಮನಸ್ಸಾಗಲಿಲ್ಲ. ಗಂಗಾಧರ್‌ಗೆ ಆ ತೊಂದರೆ ಇರಲಿಲ್ಲ.

"ಬಂಡೆ ಸಂದೀಲಿ ತೂರಿ ಹತ್ತೋನು ನಾನು. ಪೂರ್ತಿ ಹಗ್ಗ ಹೊತ್ಕೊಂಡ್ರೆ ಮೇಕೆ ಜೊತೆ ನಾನೂ ಅಲ್ಲೇ ಸಂಸಾರ ಮಾಡ್ಬೇಕು. ಎಷ್ಟು ಬೇಕೋ ಅಷ್ಟೇ ಹೇಳಮ್ಮ."

ಭಾನುಪ್ರಿಯಾ ಕೋನಮಾಪಕ ತೆಗೆದಳು. ಅದರ ನಡುವಿನಿಂದ ದಾರ, ದಾರದ ತುದಿಗೆ ಕಲ್ಲು. ನೇರ ಅಂಚನ್ನು ಕಣ್ಣಿಗಿಟ್ಟು ಚಾಚುಗಲ್ಲನ್ನು ನೋಡುತ್ತ ಹಿಂದೆ ಹಿಂದೆ ನಡೆದಳು.

"ಹಿಂದೆ ಪಾಪಸುಕಳ್ಳಿ ಐತೆ ಕಣಮ್ಮ," ಎಂದ ಪಿಳ್ಳಪ್ಪ, ಸ್ವಲ್ಪ ತಡವಾಗಿ.

ಮುಳ್ಳು ಕೀಳುತ್ತಲೇ ಅವಳು ದಾರ ನೋಡಿದಳು. ನಲವತ್ತೈದು ಡಿಗ್ರಿ.

"ನೆಲಕ್ಕೂ ಬಂಡೆಗೂ ತೊಂಬತ್ತು ತಾತ. ಇಲ್ಲಿ ನಲವತ್ತೈದು ಅಂದ್ರೆ ತ್ರಿಕೋನದ ಮೇಲಿನ ಮೂಲೇಲಿ ಉಳಿಯೋದೂ ನಲವತ್ತೈದೇ. ಎರಡು ಕೋನ ಒಂದೇ ಆದ್ರೆ ಅವುಗಳ ಎದುರಿನ ಪಕ್ಕಾನೂ ಒಂದೇ ಉದ್ದ. ನಾನು ಬಂಡೆಯಿಂದ ಎಷ್ಟು ದೂರಾನೋ ಮೇಕೆ ಅಷ್ಟು ಎತ್ತರ."

ಪಿಳ್ಳಪ್ಪ ಎರಡೂ ಕೈ ಚಾಚಿ ಅವಳ ಕಾಲಿನಿಂದ ಬಂಡೆಯವರೆಗೆ ಹಗ್ಗವನ್ನು ನೆಲದ ಮೇಲೆ ಅಳೆಯುತ್ತ ಹೋದ. ಹತ್ತು ಮಾರು. ಗಂಟಿಗೆ, ಹಿಡಿಕೆಗೆ ಇನ್ನೊಂದು ಸೇರಿಸಿ ಕುಡುಗೋಲಿನಿಂದ ಕತ್ತರಿಸಿದ.

ಗಂಗಾಧರ್ ಹಗ್ಗ, ಗೋಣಿಚೀಲ ಹೊತ್ತು ಸಂದಿಗೆ ನುಗ್ಗಿದ. ಮೊಣಕೈ ಊರಿದ. ಬೆನ್ನು ಒತ್ತಿದ. ಕಾಲ ಕೆಳಗೆ ಕಲ್ಲೊಂದು ಜಾರಿತು.

ಅವನ ತಲೆ ಚಾಚುಗಲ್ಲಿನ ಮೇಲೆ ಕಂಡದ್ದೇ ತಡ, ಮೇಕೆ ಗುದ್ದಿತು.

"ಓಬಳಮ್ಮಕ್ಕ, ಇದಕ್ಕೆ ಸ್ವಲ್ಪ ಬುದ್ಧಿ ಹೇಳಿ," ಮೇಲಿನಿಂದ ದನಿ ಬಂತು.

"ಅದಕ್ಕೆ ಕನ್ನಡ ಬರಲ್ಲಪ್ಪ. ರಾವೇ ತಲ್ಲಿ ಅನ್ನು."

ಬಾ ತಾಯಿ ಎಂದು ತೆಲುಗಿನಲ್ಲಿ ಕರೆದದ್ದು ಕೇಳಿ ಮೇಕೆ ತಣ್ಣಗಾಯಿತು. ಗಂಗಾಧರ್ ಅದನ್ನು ಕತ್ತಿನವರೆಗೆ ಚೀಲಕ್ಕೆ ತುಂಬಿ, ಹಗ್ಗವನ್ನು ಕಲ್ಲೊಂದಕ್ಕೆ ಒಂದು ಸುತ್ತು ಹಾಕಿ ಇಳಿಬಿಟ್ಟ. ಚೀಲ ತಿರುಗುತ್ತ ಇಳಿಯಿತು.

ನಿಂತುಬಿಟ್ಟಿತು.

"ಹಗ್ಗ ಮುಗೀತು. ಕೈ ಜಾರ್ತೈತೆ. ನೆಲ ಮುಟ್ತಾ?"

ಮುಟ್ಟಿರಲಿಲ್ಲ. ಮೇಕೆಯ ಹಳದಿ ಕಣ್ಣು ಸರಿಯಾಗಿ ಭಾನುಪ್ರಿಯಾಳ ಕಣ್ಣಿನ ಮಟ್ಟದಲ್ಲಿತ್ತು. ಎರಡೂ ಒಂದನ್ನೊಂದು ನೋಡಿದವು. ಆಗ ಅವಳಿಗೆ ಲೆಕ್ಕದ ತಪ್ಪು ಹೊಳೆಯಿತು. ಪುಸ್ತಕದ ಚಿತ್ರಗಳಲ್ಲಿ ನೋಡುವವನ ಕಣ್ಣು ಯಾವಾಗಲೂ ನೆಲದ ಮೇಲೇ ಇರುತ್ತದೆ. ಅವಳು ನಿಂತು ನೋಡಿದ್ದಳು; ನೆಲದಿಂದ ಕಣ್ಣಿನವರೆಗಿನ ಎತ್ತರ ಲೆಕ್ಕಕ್ಕೆ ಸೇರಿರಲಿಲ್ಲ. ಬಂಡೆ, ಮೇಕೆ, ನೆಲ ಎಲ್ಲವನ್ನೂ ಅಳೆದು ತನ್ನನ್ನು ಮಾತ್ರ ಬಿಟ್ಟಿದ್ದಳು.

"ನೋಡ್ತಾ ನಿಂತ್ಯಲ್ಲೇ, ತಬ್ಕೋ," ಎಂದಳು ಓಬಳಮ್ಮ.

ಭಾನುಪ್ರಿಯಾ ಚೀಲವನ್ನು ಅಪ್ಪಿಕೊಂಡಳು. "ಬಿಡು ಗಂಗಣ್ಣ."

ಅವನು ಬಿಟ್ಟ. ಮೇಕೆ ಅವಳ ಮೇಲೆ, ಅವಳು ಹೊಲದ ಮೇಲೆ, ಹಗ್ಗವಷ್ಟೂ ಇಬ್ಬರ ಮೇಲೆ.

ಪ್ಯಾಂಟಿನ ಒಂದು ಮಂಡಿ ಸಂದಿಗೆ ಬಿಟ್ಟುಕೊಟ್ಟು ಗಂಗಾಧರ್ ಇಳಿದು ಬರುವಷ್ಟರಲ್ಲಿ ಮೇಕೆ ಅರ್ಧ ಕೊಡ ನೀರು ಕುಡಿದಿತ್ತು.

ಮಧ್ಯಾಹ್ನ ಊರಬಾಗಿಲಲ್ಲಿ ನೆರೆಮನೆಯ ಗಂಗುಲಮ್ಮ ತಡೆದಳು. "ಹತ್ತೋಕೆ ಮುಂಚೆ ಎತ್ತರ ಹೆಂಗೆ ಗೊತ್ತಾಯ್ತೇ?"

"ನಮ್ಮ ಭಾನಮ್ಮ ದೂರ ನಿಂತು ನೋಡಿ ಹೇಳಿದ್ಲು," ಎಂದಳು ಓಬಳಮ್ಮ.

"ಸರಿಯಾಗಿತ್ತಾ?"

ಓಬಳಮ್ಮ ಭಾನುಪ್ರಿಯಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವಳಷ್ಟು ಕಮ್ಮಿ ಬಿತ್ತು. ಅದಕ್ಕೆ ಇವಳೇ ನಿಂತ್ಲು."